ಚೀಲದ ತೂಕಕ್ಕೆ ಚೀಟಿ ಇದೆ, ಸ್ಥಿತಿಗೆ ಏಕಿಲ್ಲ?

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಕಲಘಟಗಿಯ ರೈತರು ರೈತ ಸಂಪರ್ಕ ಕೇಂದ್ರದಿಂದ ತರುವ ಸೋಯಾಬೀನ್ ಬೀಜದ ಚೀಲದ ಬಾಯಿಗೆ ಒಂದು ಚೀಟಿ ಹೊಲಿದಿರುತ್ತದೆ. ಪ್ರಮಾಣಿತ ಬೀಜವಾದರೆ ಅದರ ಬಣ್ಣ ನೀಲಿ. ತಳಿಯ ಹೆಸರು, ಲಾಟ್ ನಂಬರ್, ತೂಕ, ಪರೀಕ್ಷೆಯಾದ ದಿನಾಂಕ, ಎಲ್ಲಿಯವರೆಗೆ ಮಾನ್ಯ ಎಂಬುದೆಲ್ಲ ಅದರಲ್ಲಿದೆ. ನೂರು ಕಾಳಿನಲ್ಲಿ ಕನಿಷ್ಠ 70 ಮೊಳೆಯಬೇಕೆಂಬ ಮಾನದಂಡಕ್ಕೆ ಈ ಬೀಜ ಪಾಸಾಗಿದೆ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಆದರೆ ಅದು ಪಾಸಾದದ್ದು ಪರೀಕ್ಷೆಯ ದಿನ. ಅಂದಿನಿಂದ ರೈತನ ಟ್ರ್ಯಾಕ್ಟರ್ ಏರುವ ದಿನದ ತನಕ ಆ ಚೀಲ ಯಾವ ತಗಡಿನ ಗೋದಾಮಿನಲ್ಲಿ ಎಷ್ಟು ವಾರ ಬೆಂದಿತು, ಲಾರಿಯಿಂದ ಇಳಿಸುವಾಗ ಎಷ್ಟು ಸಲ ನೆಲಕ್ಕೆ ಬಿತ್ತು, ಮೇ ತಿಂಗಳ ಅಡ್ಡಮಳೆಗೆ ತಾಡಪತ್ರಿಯಡಿ ಎಷ್ಟು ತೇವ ಕುಡಿಯಿತು ಎಂಬುದನ್ನು ಚೀಟಿ ಹೇಳುವುದಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಒಕ್ಕಲುತನದಲ್ಲಿ ಮಾಲು ಎಷ್ಟಿದೆ, ಎಲ್ಲಿದೆ ಎಂಬುದಕ್ಕೆ ಕಾಗದಗಳ ಕೊರತೆಯಿಲ್ಲ. ತೂಕದ ಚೀಟಿ, ಗೋದಾಮಿನ ರಸೀದಿ, ಲಾರಿಯ ಬಿಲ್ಟಿ, ಅಡತಿ ಅಂಗಡಿಯ ಪಟ್ಟಿ ಎಲ್ಲ ಉಂಟು. ಮಾಲು ಹೇಗಿದೆ, ಯಾರ ಕೈಯಲ್ಲಿದ್ದಾಗ ಹಾಗಾಯಿತು ಎಂದು ತೋರಿಸುವ ಒಂದು ಹಾಳೆ ಮಾತ್ರ ರೈತನ ಕೈಗೆ ಬರುವುದಿಲ್ಲ. ಹಾಳೆ ಇಲ್ಲದ ನಷ್ಟ ಕೊನೆಗೆ ಬೀಳುವುದು ಅವನ ಲೆಕ್ಕಕ್ಕೇ. ಮಾಲನ್ನು ಯಾರು ವಶಕ್ಕೆ ತೆಗೆದುಕೊಳ್ಳುತ್ತಾರೋ ಅವರು ಅದರ ತೂಕದಂತೆ ಅದರ ಶಾಖ, ತೇವಾಂಶಗಳ ಲೆಕ್ಕವನ್ನೂ ಕೊಡಬೇಕು ಎಂಬುದು ನನ್ನ ವಾದ.

ಸೋಯಾಬೀನನ್ನೇ ಮೊದಲು ಹಿಡಿಯಲು ಕಾರಣವಿದೆ. ಅದರಷ್ಟು ನಾಜೂಕಿನ ಬೀಜ ನಮ್ಮ ಹೊಲಗಳಲ್ಲಿ ಕಡಿಮೆ. ಸಿಪ್ಪೆ ತೆಳುವು, ಮೊಳಕೆಯ ಮೂಲ ಸಿಪ್ಪೆಯ ಕೆಳಗೇ ಇರುತ್ತದೆ. ಚೀಲವನ್ನು ಎತ್ತರದಿಂದ ಒಗೆದರೆ ಹೊರಗೆ ಕಾಳು ಚೆನ್ನಾಗಿಯೇ ಕಂಡರೂ ಒಳಗೆ ಪೆಟ್ಟು ತಿಂದಿರುತ್ತದೆ. ಅಕ್ಟೋಬರ್‌ನಲ್ಲಿ ರಾಶಿಯಾದ ಬೀಜ ಮುಂದಿನ ಜೂನ್ ತನಕ ಏಳೆಂಟು ತಿಂಗಳು ಕಾಯಬೇಕು, ಅದೂ ವರ್ಷದ ಅತಿ ಕೆಟ್ಟ ಬೇಸಿಗೆಯನ್ನು ದಾಟಿ. ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹಾಕಿಕೊಟ್ಟ ಹಳೆಯ ಲೆಕ್ಕವೊಂದು ಇಂದಿಗೂ ಕೃಷಿ ಕಾಲೇಜುಗಳ ಪಾಠದಲ್ಲಿದೆ: ದಾಸ್ತಾನಿನ ಶಾಖ ಐದು ಡಿಗ್ರಿ ಇಳಿದರೆ ಬೀಜದ ಆಯುಷ್ಯ ದುಪ್ಪಟ್ಟಾಗುತ್ತದೆ, ಬೀಜದ ತೇವಾಂಶ ಶೇ 1ರಷ್ಟು ಇಳಿದರೂ ದುಪ್ಪಟ್ಟಾಗುತ್ತದೆ. ಅದನ್ನೇ ತಿರುಗಿಸಿ ಓದಿದರೆ, 25 ಡಿಗ್ರಿಯಲ್ಲಿ ಇರಬೇಕಾದ ಚೀಲ 35 ಡಿಗ್ರಿಯಲ್ಲಿ ಕುಳಿತರೆ ಅದರ ಆಯುಷ್ಯ ಕಾಲು ಭಾಗಕ್ಕಿಳಿಯುತ್ತದೆ. ನವಲಗುಂದದ ಕಡೆ ಏಪ್ರಿಲ್‌, ಮೇನಲ್ಲಿ ನೆರಳಿನಲ್ಲೇ ಪಾದರಸ ಆ ಗಡಿ ದಾಟುತ್ತದೆ. ತಗಡಿನ ಚಾವಣಿಯ ಅಡಿ ಎಷ್ಟಿರುತ್ತದೆಂದು ಓದುಗರೇ ಊಹಿಸಬಹುದು. ಹೀಗಿರುವಾಗ ಫೆಬ್ರುವರಿಯ ಪರೀಕ್ಷೆಯ ಫಲಿತಾಂಶವನ್ನು ಜೂನ್‌ನ ಬಿತ್ತನೆಗೆ ಜಾಮೀನು ಎಂದು ಕೊಡುವುದು ವಿಜ್ಞಾನದ ಮಾತಾಗಲಾರದು. ಇಲಾಖೆಗೂ ಇದು ಗೊತ್ತು. ಆದ್ದರಿಂದಲೇ ಪ್ರತಿವರ್ಷ ಬಿತ್ತನೆಗೆ ಮುಂಚೆ ಅದರದೊಂದು ಪ್ರಕಟಣೆ ಬರುತ್ತದೆ. ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ಆಮೇಲೆ ಬಿತ್ತಿ ಎಂಬ ಸಲಹೆ. ಸಲಹೆ ಒಳ್ಳೆಯದೇ. ಆದರೆ ಅದರರ್ಥ ಇಷ್ಟು: ದುಡ್ಡು ಕೊಟ್ಟು ತಂದ ಬೀಜದ ಕೊನೆಯ ಪರೀಕ್ಷಕನೂ ರೈತನೇ, ಪರೀಕ್ಷೆಯಲ್ಲಿ ಫೇಲಾದರೆ ಹಸಿ ಆರುವ ಮುಂಚೆ ಬೇರೆ ಬೀಜ ಹುಡುಕಬೇಕಾದವನೂ ಅವನೇ.

ಮೊಳೆಯದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಮುಂಗಾರಿನಲ್ಲಿ ಮಹಾರಾಷ್ಟ್ರ ಕಂಡಿತು. ಸೋಯಾಬೀನ್ ಮೊಳೆಯಲಿಲ್ಲವೆಂಬ ದೂರುಗಳು ಎಷ್ಟು ಬಂದವೆಂದರೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇಂಥ ಹೊತ್ತಿನಲ್ಲಿ ವಾದ ಯಾವಾಗಲೂ ಒಂದೇ ಜಾಡಿನಲ್ಲಿ ಸಾಗುತ್ತದೆ. ಬೀಜದವರು ‘ಆಳಕ್ಕೆ ಬಿತ್ತಿದ್ದೀರಿ, ಹಸಿ ಸಾಲದೆ ಬಿತ್ತಿದ್ದೀರಿ’ ಎನ್ನುತ್ತಾರೆ. ಮಾರಿದವರು ‘ನಮಗೆ ಬಂದದ್ದನ್ನೇ ಕೊಟ್ಟೆವು’ ಎನ್ನುತ್ತಾರೆ. ಬಿತ್ತಿದ ಬೀಜವನ್ನು ನೆಲದಿಂದ ಹೆಕ್ಕಿ ತಂದು ಪ್ರಯೋಗಾಲಯಕ್ಕೆ ಕೊಡಲು ಯಾರಿಂದ ಸಾಧ್ಯ? ಸುಪ್ರೀಂ ಕೋರ್ಟ್ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರಪ್ರದೇಶದ ರೈತರ ನಡುವಿನ ಪ್ರಕರಣದಲ್ಲಿ, ಇದನ್ನೇ ಹೇಳಿತು. ರೈತ ಗ್ರಾಹಕನೇ ಹೌದು, ಮುಂದೆ ಪರೀಕ್ಷೆ ಬೇಕಾದೀತೆಂದು ಅವನು ಬೀಜದ ಮಾದರಿ ತೆಗೆದಿಟ್ಟುಕೊಳ್ಳಬೇಕೆಂದು ನಿರೀಕ್ಷಿಸಲಾಗದು ಎಂದಿತು. ಸಾಕ್ಷ್ಯದ ಹೊರೆಯನ್ನು ರೈತನ ಹೆಗಲಿಂದ ಇಳಿಸಬೇಕೆಂದು ನ್ಯಾಯಾಲಯ ಕಂಡುಕೊಂಡು ಹತ್ತು ವರ್ಷ ಮೀರಿತು. ಚೀಲದ ಜೊತೆಗೇ ಸಾಕ್ಷ್ಯ ಬರುವಂತೆ ಮಾಡುವ ಕೆಲಸ ಮಾತ್ರ ಅಲ್ಲಿಯೇ ನಿಂತಿದೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ಸಾಥಿ’ ಪೋರ್ಟಲ್, ಬೀಜದ ಚೀಲಕ್ಕೆ ಅಂಟಿಸುವ ಕ್ಯೂಆರ್ ಕೋಡ್ ಒಳ್ಳೆಯ ಹೆಜ್ಜೆಗಳೇ. ಆದರೆ ಅವುಗಳ ಗುರಿ ಬೀಜದ ಮೂಲವನ್ನು ಹೇಳುವುದು. ಅಸಲಿ ಕಂಪನಿಯ ಅಸಲಿ ಬೀಜವೂ ದಾರಿಯಲ್ಲಿ ಸಾಯುತ್ತದೆ.

‘ಇದೆಲ್ಲ ವಿಮಾನದಲ್ಲಿ ಔಷಧ ಕಳಿಸುವ ಶ್ರೀಮಂತ ಕಂಪನಿಗಳ ಮಾತು, ನಮ್ಮ ಗೋಣಿಚೀಲಕ್ಕೆಲ್ಲಿಯ ಸಂಬಂಧ’ ಎನ್ನುವವರು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪೋಲಿಯೊ ಹನಿಯ ಶೀಶೆಯೊಂದನ್ನು ನೋಡಲಿ. ಶೀಶೆಯ ಮೇಲೆ ನೇರಳೆ ಬಣ್ಣದ ವೃತ್ತ, ಅದರೊಳಗೆ ತಿಳಿ ಬಣ್ಣದ ಪುಟ್ಟ ಚೌಕ. ಶೀಶೆ ಶಾಖ ಕಂಡಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ, ಮತ್ತೆ ತಂಪಿನಲ್ಲಿಟ್ಟರೂ ಮೊದಲಿನ ಬಣ್ಣಕ್ಕೆ ಮರಳದು. ಚೌಕ ವೃತ್ತದ ಬಣ್ಣಕ್ಕೆ ಸಮನಾಯಿತೋ, ಶೀಶೆ ಕಸಕ್ಕೆ. 1996ರಿಂದ ಪೋಲಿಯೊ ಲಸಿಕೆಯ ಮೇಲೆ ಈ ಗುರುತು ಬಂದಿದೆ. ಭಾರತ ಪೋಲಿಯೊ ಗೆದ್ದದ್ದು ಇದರಿಂದ ಮಾತ್ರ ಎನ್ನಲಾಗದು. ಆದರೆ ವಿದ್ಯುತ್ತು ಬಂದುಹೋಗುವ ಹಳ್ಳಿಗಳಲ್ಲಿ ಲಸಿಕೆಯ ಮೇಲೆ ನಂಬಿಕೆ ಉಳಿದದ್ದರಲ್ಲಿ ಇದಕ್ಕೂ ಪಾಲಿದೆ. ನನಗೆ ಮುಖ್ಯವೆನಿಸುವುದು ಅದರ ರಸಾಯನವಿದ್ಯೆಗಿಂತ ಅದು ಅಧಿಕಾರವನ್ನು ಎಲ್ಲಿಗೆ ತಂದಿಟ್ಟಿತು ಎಂಬುದು. ಶೀಶೆಯನ್ನು ಬೇಡವೆನ್ನಲು ಕಿರಿಯ ಆರೋಗ್ಯ ಸಹಾಯಕಿಗೆ ಮೇಲಧಿಕಾರಿಯ ಅಪ್ಪಣೆ ಬೇಕಿಲ್ಲ, ಪ್ರಯೋಗಾಲಯದ ವರದಿಯೂ ಬೇಕಿಲ್ಲ. ಸರಪಳಿಯ ಕೊನೆಯಲ್ಲಿ ನಿಂತವಳ ಕಣ್ಣಿಗೇ ಸಾಕ್ಷ್ಯ ಕಾಣುತ್ತದೆ. ಅದೇ ಜಾಗದಲ್ಲಿ, ಅದೇ ಊರಿನಲ್ಲಿ ಬೀಜದ ಚೀಲ ಪಡೆಯುವ ರೈತನಿಗೆ ಇಂಥ ಸಾಕ್ಷ್ಯವಿಲ್ಲ.

ಇನ್ನು ಹೆಸರು, ಕಡಲೆಯ ವಿಚಾರ. ಇಲ್ಲಿ ರೈತ ಕೊಳ್ಳುವವನಲ್ಲ, ಮಾರುವವನು. ಆದರೂ ನಷ್ಟದ ದಿಕ್ಕು ಬದಲಾಗುವುದಿಲ್ಲ. ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಲ್ಲಿ ಹೆಸರು ರಾಶಿಗೆ ಬರುವುದು ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ, ಮಳೆಯ ಜೊತೆಜೊತೆಗೇ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 12 ಮೀರಿದರೆ ಮಾಲು ವಾಪಸು. ಹೆದ್ದಾರಿಯ ಅಂಚಿನಲ್ಲಿ ಹರವಿ ಒಣಗಿಸಿ ಮತ್ತೆ ತಂದರೆ ಆ ಹೊತ್ತಿಗೆ ಸರತಿ ಮುಂದೆ ಹೋಗಿರುತ್ತದೆ, ಇಲ್ಲವೆ ಮತ್ತೊಂದು ಮಳೆ ಬಂದಿರುತ್ತದೆ. ಕೊನೆಗೆ ಕೈಗೆ ಬಂದ ದರಕ್ಕೆ ಮಾರುವುದೇ ದಾರಿ. ಗೋದಾಮಿಗೆ ಹಾಕಿದರೂ ನೆಮ್ಮದಿಯಿಲ್ಲ. ಕಾಳಿಗೆ ಬೀಳುವ ಹುಳದ ತತ್ತಿ ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಕುಳಿತು ಚೀಲದೊಳಗೆ ಬಂದಿರುತ್ತದೆ. ಬೆಚ್ಚಗಿದ್ದರೆ ನಾಲ್ಕೈದು ವಾರಕ್ಕೊಂದು ಪೀಳಿಗೆ. ನಿಟ್ಟಿನ ನಡುವಿನ ಚೀಲಗಳಲ್ಲಿ ಶಾಖ ಏರತೊಡಗಿತೆಂದರೆ ಒಳಗೆ ಹುಳುವೋ ಮುಗ್ಗೋ ಕೆಲಸ ಶುರು ಮಾಡಿದೆ ಎಂದೇ ಅರ್ಥ. ಹೊರಸಾಲಿನ ಚೀಲಕ್ಕೆ ನುಸಿ ಹಿಡಿದದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಒಳಗಿನ ಕಥೆ ಮುಗಿದಿರುತ್ತದೆ. ಲುಧಿಯಾನದ ಸಿಫೆಟ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ ಕೊಯ್ಲಿನಿಂದ ಮಾರಾಟದವರೆಗೆ ಬೇಳೆಕಾಳುಗಳಲ್ಲಿ ಶೇ 6.36ರಿಂದ 8.41ರಷ್ಟು ನಷ್ಟವಾಗುತ್ತದೆ. ಈ ನಷ್ಟಕ್ಕೆ ವಿಮೆಯ ಆಸರೆಯೂ ಅಷ್ಟಕ್ಕಷ್ಟೇ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಕೊಯ್ಲಿನ ನಂತರದ ಹಾನಿಯನ್ನು ಒಪ್ಪುವುದು ಹೊಲದಲ್ಲಿ ಕೊಯ್ದು ಹರವಿದ ಬೆಳೆಗೆ, ಅದೂ 14 ದಿನದ ಮಟ್ಟಿಗೆ. ಚೀಲ ತುಂಬಿದ ಮೇಲೆ ವಿಮೆಗೂ ಅದಕ್ಕೂ ನಂಟಿಲ್ಲ.

ಕಾನೂನು ಇಲ್ಲವೆಂದಲ್ಲ. 2007ರ ಉಗ್ರಾಣ ಕಾಯ್ದೆ, ಎಚ್ಚರದ ಮಾಲೀಕನೊಬ್ಬ ತನ್ನದೇ ಮಾಲಿನ ಬಗ್ಗೆ ತೋರುವಷ್ಟು ಕಾಳಜಿಯನ್ನು ಉಗ್ರಾಣದವನು ತೋರದೆ ಹಾನಿಯಾದರೆ ಅವನೇ ಹೊಣೆ ಎನ್ನುತ್ತದೆ. ನೋಂದಾಯಿತ ಉಗ್ರಾಣಗಳು 2017ರಿಂದ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಿವೆ, ಅದರ ಮೇಲೆ ಬ್ಯಾಂಕ್ ಸಾಲವೂ ಸಿಗುತ್ತದೆ. ಇಂಥ ಸಾಲಕ್ಕೆಂದೇ 2024ರ ಡಿಸೆಂಬರ್‌ನಲ್ಲಿ ಕೇಂದ್ರ 1,000 ಕೋಟಿ ರೂಪಾಯಿಯ ಖಾತರಿ ನಿಧಿ ತೆರೆಯಿತು. ರಸೀದಿಯಲ್ಲಿ ಮಾಲಿನ ಗುಣಮಟ್ಟವೂ ನಮೂದಾಗುತ್ತದೆ. ಯಾವ ದಿನದ್ದು? ಒಳಗೆ ಹಾಕಿದ ದಿನದ್ದು. ಬೀಜದ ಚೀಟಿಯ ರೋಗವೇ ಇಲ್ಲಿಯೂ. ಕಾಳಜಿ ತೋರಲಿಲ್ಲವೆಂದು ರೈತ ಕೇಳಬೇಕಾದರೆ, ಒಳಗೆ ಮಾಲು ಹೇಗಿತ್ತು ಎಂಬ ದಿನದಿನದ ಲೆಕ್ಕ ಬೇಕು. ಆ ಲೆಕ್ಕ ಇದ್ದರೂ ಇಲ್ಲದಿದ್ದರೂ ಅದು ಉಗ್ರಾಣದವನ ಬಳಿ. ಹೀಗಾಗಿ ಕಾಯ್ದೆ ಕೊಟ್ಟ ಹಕ್ಕು ಸಾಕ್ಷ್ಯವಿಲ್ಲದೆ ಕಾಗದದಲ್ಲೇ ಉಳಿಯುತ್ತದೆ. ಸಾಲ ಕೊಟ್ಟ ಬ್ಯಾಂಕಿನದೂ ಇದೇ ಪಾಡು ಎಂಬುದು ಸಮಾಧಾನವಲ್ಲ.

ಕುಂದಗೋಳದ ಮೆಣಸಿನಕಾಯಿಯದು ಇನ್ನೊಂದು ಬಗೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದು ಖಾರಕ್ಕಿಂತ ಬಣ್ಣದ ಮೇಲೆ. ಬಿಸಿಯಲ್ಲಿ, ಬೆಳಕಿನಲ್ಲಿ ಇಟ್ಟರೆ ಆ ಬಣ್ಣ ತಿಂಗಳು ತಿಂಗಳಿಗೂ ಇಳಿಯುತ್ತದೆ. ಅದಕ್ಕೇ ದರ ಬಿದ್ದಾಗ ಶೀತಲಗೃಹಕ್ಕೆ ಹಾಕುವ ರೂಢಿ. ಬಾಡಿಗೆ ಕಟ್ಟುವುದು ತಂಪಿಗೆ, ಕೈಗೆ ಬರುವ ರಸೀದಿ ಚೀಲಗಳ ಲೆಕ್ಕಕ್ಕೆ. ತೆಗೆಯುವಾಗಲೂ ಅಪಾಯವಿದೆ. ತಣ್ಣಗಿನ ಚೀಲವನ್ನು ಏಪ್ರಿಲ್ ಬಿಸಿಲಿಗೆ ಏಕಾಏಕಿ ತಂದು ಲಾರಿಗೆ ಹೇರಿದರೆ ಗಾಳಿಯ ತೇವ ಕಾಯಿಯ ಮೇಲೆ ಹನಿಗಟ್ಟುತ್ತದೆ, ಒಂದೆರಡು ದಿನದಲ್ಲಿ ಬೂಷ್ಟು. ಮಾರುಕಟ್ಟೆಯಲ್ಲಿ ಆಗ ‘ನೀರು ಹೊಡೆದ ಮಾಲು’ ಎಂಬ ಅಪವಾದ ಹೊರುವವನು ಬೆಳೆದವನು. ನೀರು ಹೊಡೆಯುವವರು ಇಲ್ಲವೇ ಇಲ್ಲ ಎಂದು ನಾನೇನೂ ವಾದಿಸುವುದಿಲ್ಲ. ಹೊಡೆದವರನ್ನೂ ಹೊಡೆಯದವರನ್ನೂ ಬೇರ್ಪಡಿಸುವ ದಾಖಲೆ ಇಲ್ಲದಿದ್ದರೆ ಶಿಕ್ಷೆ ಇಬ್ಬರಿಗೂ ಒಂದೇ.

ಈಗ ಆಕ್ಷೇಪಗಳಿಗೆ ಬರೋಣ. ‘ಕಾಳು ಹಲ್ಲಿಗೆ ಹಾಕಿ ಕಡಿದರೆ ಹಸಿಯೋ ಒಣವೋ ತಿಳಿಯುತ್ತದೆ, ನಮ್ಮ ಹಿರಿಯರಿಗೆ ಯಂತ್ರ ಇತ್ತೇ?’ ಎಂಬ ಮಾತು ಈ ಭಾಗದಲ್ಲಿ ಯಾವಾಗಲೂ ಬರುತ್ತದೆ. ಹಿರಿಯರ ಜಾಣ್ಮೆಯ ಬಗ್ಗೆ ಎರಡು ಮಾತಿಲ್ಲ. ಜೋಳ ತುಂಬಿಡುತ್ತಿದ್ದ ಹಗೇವನ್ನೇ ನೋಡಿ. ನೆಲದೊಳಗೆ ತೋಡಿದ ಹಗೇವಿಗೆ ಸುತ್ತ ಹುಲ್ಲು ಹಾಕಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಕೆಟ್ಟು ಹುಳು ತಾನೇ ಸಾಯುತ್ತಿತ್ತು. ಇವತ್ತು ಗಾಳಿಯಾಡದ ಮೂರು ಪದರದ ಚೀಲಗಳು ಮಾಡುವುದೂ ಅದನ್ನೇ. ತೆರೆದಾಗ ಮನುಷ್ಯ ಇಳಿಯುವ ಮುಂಚೆ ದೀಪ ಇಳಿಬಿಟ್ಟು, ಅದು ಆರುತ್ತದೆಯೇ ಎಂದು ನೋಡುತ್ತಿದ್ದರು. ಒಳಗಿನ ಸ್ಥಿತಿಯನ್ನು ಹೊರಗಿನಿಂದ ಅಳೆಯುವ ಉಪಾಯ ನಮ್ಮ ಊರಿಗೆ ಹೊಸದೇನಲ್ಲ. ಆದರೆ ಹಗೇವಿನ ಜೋಳ ಇಟ್ಟವನದೇ, ತೆಗೆಯುವವನೂ ಅವನೇ. ಕೆಟ್ಟರೆ ಯಾರ ಮೇಲೂ ದೂರಿಲ್ಲ. ಇಂದು ಅಣ್ಣಿಗೇರಿಯ ಕಡಲೆ ಹೊಲದಿಂದ ಸೊಸೈಟಿಗೆ, ಸೊಸೈಟಿಯಿಂದ ಗೋದಾಮಿಗೆ, ಅಲ್ಲಿಂದ ಲಾರಿಯಲ್ಲಿ ಪರರಾಜ್ಯದ ದಾಲ್ ಮಿಲ್ಲಿಗೆ ಕೈ ಬದಲಿಸುತ್ತ ಹೋಗುತ್ತದೆ. ಹಲ್ಲಿಗೆ ಹಾಕಿ ಕಡಿದರೆ ಕಾಳು ಈಗ ಹೇಗಿದೆಯೆಂದು ತಿಳಿದೀತು. ಯಾರ ಕೈಯಲ್ಲಿದ್ದಾಗ ಕೆಟ್ಟಿತೆಂದು ಹಲ್ಲು ಹೇಳಲಾರದು.

ಖರ್ಚಿನ ಆಕ್ಷೇಪ ಅದಕ್ಕಿಂತ ಗಟ್ಟಿ. ಐವತ್ತು ಕಿಲೋ ಕಡಲೆಯ ಪ್ರತಿ ಚೀಲಕ್ಕೂ ಯಂತ್ರ ಕಟ್ಟುವುದು ಹುಚ್ಚುತನವೇ ಸರಿ. ಆದರೆ ಅದನ್ನು ಯಾರೂ ಕೇಳುತ್ತಿಲ್ಲ. ಸೋಯಾಬೀನ್ ಬೀಜದ ಒಂದು ಲಾಟ್ 200 ಕ್ವಿಂಟಲ್‌ವರೆಗೆ ಇರಬಹುದು. 30 ಕಿಲೋ ಚೀಲದ ಲೆಕ್ಕಕ್ಕೆ 660ಕ್ಕೂ ಹೆಚ್ಚು ಚೀಲ. ಶಾಖ, ತೇವಾಂಶಗಳನ್ನು ತಾನೇ ಬರೆದಿಟ್ಟುಕೊಳ್ಳುವ ಬೆಂಕಿಪೊಟ್ಟಣದ ಗಾತ್ರದ ಯಂತ್ರಕ್ಕೆ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಚೀಲಕ್ಕೆ ಐದು ರೂಪಾಯಿ ಬೀಳದು. ಲಾಟ್ ಮೂರು ಲಾರಿಗೆ ಹಂಚಿಹೋದರೆ ಮೂರು ಯಂತ್ರ ಬೇಕಾದಾವು, ಆಗಲಿ. ಅವೇ ಯಂತ್ರಗಳು ಮುಂದಿನ ವರ್ಷಕ್ಕೂ ಬರುತ್ತವೆ. ಗೋದಾಮಿನ ಗೋಡೆಗೆ ತೂಗುಹಾಕುವ ಶಾಖ ಮತ್ತು ತೇವಾಂಶದ ಮಾಪಕಕ್ಕೆ ಕೆಲವು ನೂರು ರೂಪಾಯಿ ಸಾಕು. ಬಣ್ಣ ಬದಲಿಸಿ ತೇವ ತೋರಿಸುವ ಕಾಗದದ ಪಟ್ಟಿ ಅದಕ್ಕಿಂತ ಅಗ್ಗ. ನೀಲಿ ಇದ್ದರೆ ಒಣ, ಗುಲಾಬಿಗೆ ತಿರುಗಿದರೆ ಹಸಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಅಂಥದ್ದೊಂದು ಕಾರ್ಡ್ ಮಾಡಿ ಆಫ್ರಿಕಾದ ಸಣ್ಣ ರೈತರಿಗೆ ತಲುಪಿಸಿದ್ದಾರೆ. ನಮ್ಮದೇ ಧಾರವಾಡ ಕೃಷಿ ವಿಶ್ವವಿದ್ಯಾಲಯ ನವಲಗುಂದದಿಂದ ಒಂದು ತಾಸಿನ ಹಾದಿ. ಎರೆ ನಾಡಿನ ಹೆಸರಿಗೆ, ಕಡಲೆಗೆ ಹೊಂದುವ ಪಟ್ಟಿ ಮಾಡಿಕೊಡಿ ಎಂದು ಅದನ್ನು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ನಾನು ನಿಜವಾಗಿ ತೂಕದ್ದೆಂದು ಒಪ್ಪುವ ಆಕ್ಷೇಪ ಒಂದುಂಟು. ಅಳತೆ ಹೆಚ್ಚಿದಷ್ಟೂ ರೈತನೇ ಸಿಕ್ಕಿಬೀಳುತ್ತಾನೆ, ಅವನ ಮಾಲು ಹಸಿ ಇತ್ತೆಂಬುದು ಮೊದಲ ಸಾಲಿನಲ್ಲೇ ದಾಖಲಾಗಿ ಮುಂದಿನ ಎಲ್ಲ ನಷ್ಟಕ್ಕೂ ಅವನನ್ನೇ ಹೊಣೆ ಮಾಡುತ್ತಾರೆ ಎಂಬುದು. ಮಳೆಗಾಲದ ಹೆಸರಿನ ವಿಚಾರದಲ್ಲಿ ಇದು ಸುಳ್ಳೂ ಅಲ್ಲ. ಶೇ 15 ಇದ್ದದ್ದನ್ನು ಯಂತ್ರ ಶೇ 15 ಎಂದೇ ತೋರಿಸುತ್ತದೆ, ಕೆಲವು ರೈತರಿಗೆ ಅದರಿಂದ ನಷ್ಟವಾಗುತ್ತದೆ. ಆದರೆ ಅಳತೆ ಈಗಲೂ ನಡೆಯುತ್ತಿದೆಯಲ್ಲ! ಕೊಳ್ಳುವವರ ಯಂತ್ರದಲ್ಲಿ, ಕೊಳ್ಳುವವರ ಕೈಯಲ್ಲಿ, ಒಂದೇ ಸಲ. ಆ ಅಂಕಿಯನ್ನು ಪ್ರಶ್ನಿಸಲು ರೈತನ ಬಳಿ ಇನ್ನೊಂದು ಅಂಕಿ ಇರುವುದಿಲ್ಲ. ಕೈ ಬದಲಾಗುವ ಪ್ರತಿ ಕಟ್ಟೆಯಲ್ಲೂ ಅಳೆದು, ಇಬ್ಬರೂ ರುಜು ಹಾಕಿ, ಒಂದು ಪ್ರತಿ ರೈತನ ಮೊಬೈಲಿಗೆ ಬಂದರೆ ಶೇ 12ಕ್ಕೆ ಒಪ್ಪಿಸಿಕೊಂಡ ಮಾಲು ಗೋದಾಮಿನಲ್ಲಿ ಶೇ 14 ಆದದ್ದಕ್ಕೆ ಅವನು ಹೊಣೆಯಾಗಲಾರ. ಹಸಿ ಮಾಲಿನ ಸಮಸ್ಯೆಗೆ ಬೇಕಾದದ್ದು ಸೊಸೈಟಿಗಳ ಬಳಿ ಒಣಗಿಸುವ ಕಟ್ಟೆ, ಬಾಡಿಗೆಗೆ ಸಿಗುವ ಒಣಗಿಸುವ ಯಂತ್ರ. ಅವಿಲ್ಲದಿರುವುದನ್ನು ಮರೆಮಾಚಲು ಅಳತೆ ಬೇಡವೆನ್ನುವುದು ಸರಿಯಲ್ಲ. ಜೊತೆಗೆ, ತಕ್ಕಡಿಗೆ ನಿಗದಿತ ಅವಧಿಗೊಮ್ಮೆ ಮುದ್ರೆ ಹಾಕುವಂತೆ ಖರೀದಿ ಕೇಂದ್ರದ ತೇವಾಂಶ ಮಾಪಕವನ್ನೂ ಹಂಗಾಮು ಶುರುವಾಗುವ ಮುಂಚೆ ರೈತರ ಎದುರಿಗೇ ಪರೀಕ್ಷಿಸಬೇಕು.

‘ಮತ್ತೊಂದು ರಿಜಿಸ್ಟರ್ ಆಗುತ್ತದೆ ಅಷ್ಟೇ’ ಎನ್ನುವವರ ಅನುಭವವನ್ನು ಅಲ್ಲಗಳೆಯಲಾರೆ. ತಿಂಗಳಿಡೀ ಖಾಲಿಯಿದ್ದು ತಪಾಸಣೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬುವ ರಿಜಿಸ್ಟರುಗಳ ವಿದ್ಯೆ ನಮ್ಮ ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಲಸಿಕೆಯವರೂ ಇದನ್ನು ಕಂಡವರೇ. 2015ರಲ್ಲಿ ಆರಂಭವಾದ ‘ಇವಿನ್’ ವ್ಯವಸ್ಥೆಯಲ್ಲಿ ಲಸಿಕೆಯ ಶೀತಕಗಳೊಳಗೆ ಯಂತ್ರವಿಟ್ಟು, ಶಾಖ 2ರಿಂದ 8 ಡಿಗ್ರಿಯ ಗಡಿ ಮೀರಿದರೆ ಸಂಬಂಧಪಟ್ಟವರ ಫೋನಿಗೆ ತಾನೇ ಸಂದೇಶ ಹೋಗುವಂತೆ ಮಾಡಿದರು. ಮನುಷ್ಯ ಬರೆಯುವ ಕಾಲಂ ಕಡಿಮೆಯಾದಷ್ಟೂ ಸುಳ್ಳು ಕಡಿಮೆ. ಗೋದಾಮಿಗೂ ಅದೇ ಬೇಕು.

ಎಲ್ಲವನ್ನೂ ಒಂದೇ ಸಲ ಮಾಡಲಾಗದು, ಮಾಡಬೇಕಾದ್ದೂ ಇಲ್ಲ. ಮೊದಲು ಸೋಯಾಬೀನ್ ಬೀಜದಿಂದ ಆರಂಭಿಸಬಹುದು. ಅದು ಸರ್ಕಾರದ ಸಹಾಯಧನದಲ್ಲಿ, ಸರ್ಕಾರದ ಕೇಂದ್ರದಿಂದಲೇ ಹಂಚಿಕೆಯಾಗುವುದರಿಂದ ಬೇರೆಯವರನ್ನು ಒಪ್ಪಿಸುವ ತಾಪತ್ರಯವಿಲ್ಲ. ಲಾಟ್‌ಗೊಂದು ಯಂತ್ರ, ಹಂಚಿಕೆಯ ದಿನ ಆ ಲಾಟ್ ಕಂಡ ಅತಿ ಹೆಚ್ಚಿನ ಶಾಖ ಮತ್ತು ತೇವಾಂಶ ಕೇಂದ್ರದ ಬಾಗಿಲಿನ ಫಲಕದಲ್ಲಿ, ಗಡಿ ಮೀರಿದ ಲಾಟ್‌ಗೆ ಹಂಚುವ ಮುಂಚೆ ಮತ್ತೊಮ್ಮೆ ಮೊಳಕೆ ಪರೀಕ್ಷೆ. ಅದರ ಹಿಂದೆಯೇ ಬೆಂಬಲ ಬೆಲೆಯಲ್ಲಿ ಕೊಂಡ ಹೆಸರು, ಕಡಲೆ ತುಂಬುವ ಗೋದಾಮುಗಳು. ಖಾಸಗಿ ಶೀತಲಗೃಹಗಳ ಸರದಿ ಆಮೇಲೆ ಬರಲಿ. ಮುಂದಿನ ಮುಂಗಾರಿನ ಬೀಜದ ಲಾರಿಗಳು ಜಿಲ್ಲೆಗೆ ಬರುವುದು ಬೇಸಿಗೆಯಲ್ಲಿ. ಅಷ್ಟರೊಳಗೆ ಯಂತ್ರ ಕೊಳ್ಳುವ ಆದೇಶ ಹೊರಡಿಸುವುದು ಕೃಷಿ ಇಲಾಖೆಗೆ ಸಾಧ್ಯವಿಲ್ಲದ ಕೆಲಸವಲ್ಲ. ನಮ್ಮ ಶಾಸಕರು ಮೇ ತಿಂಗಳ ಕೆಡಿಪಿ ಸಭೆಯಲ್ಲಿ ‘ಬೀಜ ಎಷ್ಟು ಕ್ವಿಂಟಲ್ ದಾಸ್ತಾನಿದೆ?’ ಎಂದು ಕೇಳುವುದನ್ನು ಮರೆಯುವುದಿಲ್ಲ. ಈ ಸಲ ‘ಅದು ಎಷ್ಟು ಡಿಗ್ರಿಯಲ್ಲಿದೆ?’ ಎಂದೂ ಕೇಳಲಿ.